ಹತ್ತೊಂಬತ್ತರ ಪ್ಯಾಸ್ಕಲ್ ಮತ್ತು ಅವನ ಚಕ್ರಗಳು

ಪ್ಯಾಸ್ಕಲ್ ಅಂದ್ರೆ ನಮಗೆ ಒತ್ತಡದ ಯೂನಿಟ್, ಇಲ್ಲಾಂದ್ರೆ ನಿಕ್ಲಾಸ್ ವಿರ್ತ್ 1970ರಲ್ಲಿ ಕೊಟ್ಟ ಪ್ರೋಗ್ರಾಮಿಂಗ್ ಭಾಷೆ. ಆ ಹೆಸರಿನ ಮನುಷ್ಯ ಬ್ಲೇಸ್ ಪ್ಯಾಸ್ಕಲ್ ಹುಟ್ಟಿದ್ದು 1623ರ ಜೂನ್ 19ರಂದು, ಫ್ರಾನ್ಸಿನ ಕ್ಲೆರ್ಮಾನ್‌ನಲ್ಲಿ. ಮೂರು ವರ್ಷಕ್ಕೇ ತಾಯಿ ತೀರಿಕೊಂಡಳು. ಅಪ್ಪನೇ ಮನೆಯಲ್ಲಿ ಪಾಠ ಹೇಳಿದ.

ಅಪ್ಪನಿಗೆ ರೂಆನ್ ಊರಲ್ಲಿ ತೆರಿಗೆ ಕೆಲಸ. ಹೊತ್ತು ಮೀರಿ ಕೂಡೋದು, ಮತ್ತೆ ಕೂಡೋದು. ಅದನ್ನು ಹಗುರ ಮಾಡಬೇಕು ಅಂತ ಮಗ 1642ರಲ್ಲಿ ಲೆಕ್ಕದ ಯಂತ್ರಕ್ಕೆ ಕೈ ಹಾಕಿದ. ಆಗ ಅವನಿಗೆ ನಮ್ಮದೇ ವಯಸ್ಸು, ಹತ್ತೊಂಬತ್ತು. ಸುಮಾರು 50 ಮಾದರಿಗಳನ್ನು ಮಾಡಿ ನೋಡಿದ.

ಕಷ್ಟ ಇದ್ದಿದ್ದು ದುಡ್ಡಿನಲ್ಲಿ. 12 ದನಿಯೆಗೆ ಒಂದು ಸೋಲ್, 20 ಸೋಲ್‌ಗೆ ಒಂದು ಲಿವ್ರ್. ನಮ್ಮ ನಾಗಮಂಗಲದ ಬಿಂಡಿಗನವಿಲೆ ಕಡೆ ಅಜ್ಜಂದಿರಿಗೆ ಇದು ಹೊಸದೇನಲ್ಲ. 1957ರ ತನಕ ನಮ್ಮಲ್ಲೂ 12 ಪೈಗೆ ಆಣೆ, 16 ಆಣೆಗೆ ರೂಪಾಯಿ. ಪ್ಯಾಸ್ಕಲ್ ದಶಕ ದಾಟಿಸುವ ಕೀಲನ್ನು ಹಾಗೇ ಇಟ್ಟು, ಚಕ್ರದ ಮನೆಗಳನ್ನು ಮಾತ್ರ 10, 12, 20 ಅಂತ ಬದಲಿಸಿದ. ರಚನೆ ಒಂದೇ, ಒಳಗಿನ ವಿಧ ಬೇರೆ. ನಾವು ಇವತ್ತು ಜೆನೆರಿಕ್ ಟೈಪ್ ಅನ್ನೋದು ಹೆಚ್ಚುಕಡಿಮೆ ಇದನ್ನೇ.

ರೂಆನ್‌ನ ಗಡಿಯಾರದವನೊಬ್ಬ ಯಂತ್ರದ ನಕಲು ಮಾಡಿದ. ಹೊರಗೆ ಥಳಥಳ, ಒಳಗೆ ಕೆಲಸವೇ ಆಗಲ್ಲ. ಪ್ಯಾಸ್ಕಲ್ ಬೇಜಾರಾಗಿ ಯಂತ್ರವನ್ನೇ ಬಿಡೋದ್ರಲ್ಲಿದ್ದ. ಆಮೇಲೆ 1649ರಲ್ಲಿ ರಾಜನಿಂದ ಹಕ್ಕುಪತ್ರ ಸಿಕ್ಕಿತು. ಆದರೂ ಬೆಲೆ ಜಾಸ್ತಿ, ಕೊಂಡವರು ಕಮ್ಮಿ.

ಹೊರಗೆ ಒಂದೇ, ಒಳಗೆ ಬೇರೆ ಅನ್ನೋ ಕಾಟ ಅವನ ಹೆಸರಿನ ಭಾಷೆಗೂ ತಪ್ಪಿಲ್ಲ. ಪಟ್ಟಿಯೊಳಗೆ ಇನ್ನೊಂದು ಪಟ್ಟಿ ಇಡುವ ನೆಸ್ಟೆಡ್ ಜೆನೆರಿಕ್ ಅನ್ನು ಡೆಲ್ಫಿ ನೇರವಾಗಿ ಒಪ್ಪುತ್ತೆ. ಫ್ರೀ ಪ್ಯಾಸ್ಕಲ್ ತನ್ನ ಆಬ್ಜ್‌ಎಫ್‌ಪಿಸಿ ಮೋಡ್‌ನಲ್ಲಿ ‘ಸ್ಪೆಷಲೈಸ್’ ಅನ್ನೋ ಪದ ಕೇಳುತ್ತೆ, ಆ ಪದ ಡೆಲ್ಫಿಗೆ ಗೊತ್ತೇ ಇಲ್ಲ. ಎರಡರಲ್ಲೂ ಓಡಬೇಕಾದ್ರೆ ಫ್ರೀ ಪ್ಯಾಸ್ಕಲ್‌ನಲ್ಲಿ ಡೆಲ್ಫಿ ಮೋಡ್ ಹಾಕಿ, ಒಳಗಿನ ಪಟ್ಟಿಗೆ ಮೊದಲು ಒಂದು ಹೆಸರು ಕೊಟ್ಟು, ಆ ಹೆಸರನ್ನೇ ಹೊರಗಿನದಕ್ಕೆ ಕೊಡೋದು ಕ್ಷೇಮ.

ಪ್ಯಾಸ್ಕಲ್‌ಗೆ ಆರೋಗ್ಯ ಯಾವಾಗಲೂ ಕೈಕೊಡುತ್ತಿತ್ತು. ಆದರೂ 1648ರಲ್ಲಿ ಬಾವನನ್ನು ಪ್ಯೂಯಿ ದ ದೋಮ್ ಬೆಟ್ಟ ಹತ್ತಿಸಿ, ಮೇಲೆ ಹೋದಷ್ಟೂ ಗಾಳಿಯ ಒತ್ತಡ ಇಳಿಯುತ್ತೆ ಅಂತ ತೋರಿಸಿದ. 1654ರಲ್ಲಿ ಫರ್ಮಾ ಜೊತೆ ಪತ್ರ ಬರೆಯುತ್ತಾ ಸಂಭಾವ್ಯತೆಯ ಗಣಿತಕ್ಕೆ ಅಡಿಪಾಯ ಹಾಕಿದ. ಅದೇ ವರ್ಷದ ಕೊನೆಗೆ ಮನಸ್ಸು ಪೂರ್ತಿ ದೇವರ ಕಡೆ ತಿರುಗಿತು. 1662ರಲ್ಲಿ ಪ್ಯಾರಿಸ್‌ನಲ್ಲಿ ಐದು ಸೋಲ್ ಟಿಕೆಟ್ಟಿನ ಸಾರ್ವಜನಿಕ ಗಾಡಿ ಶುರುಮಾಡಿಸಿದ. ಅದೇ ಆಗಸ್ಟ್ 19ರಂದು ತೀರಿಕೊಂಡ, 39 ವರ್ಷಕ್ಕೆ.

ಅವನ ಕೆಲವು ಯಂತ್ರಗಳು ಇನ್ನೂ ಮ್ಯೂಸಿಯಂಗಳಲ್ಲಿವೆ. ಅಪ್ಪನ ಕೈನೋವು ನೋಡಿ ಹುಟ್ಟಿದ ಪ್ರಾಜೆಕ್ಟ್ ಅದು, ಮಾರ್ಕ್ಸಿಗಲ್ಲ.