ರಾಬರ್ಟ್ ಕಾಕ್ ಮತ್ತು ಮಿದುಳಿನ ಕ್ಷಯ

1990ರ ದಶಕದಲ್ಲಿ ನಾನು ನವಲಗುಂದದಲ್ಲಿ ತಹಶೀಲ್ದಾರನಾಗಿದ್ದೆ. ನಮ್ಮ ಕಚೇರಿಯ ಜವಾನರೊಬ್ಬರ ಪುಟ್ಟ ಮಗಳಿಗೆ ಜ್ವರ, ತಲೆನೋವು, ವಾಂತಿ ಕಾಣಿಸಿಕೊಂಡವು. ಮೂರು ವಾರ ವಿಷಮಶೀತಜ್ವರಕ್ಕೆ ಚಿಕಿತ್ಸೆ ನಡೆಯಿತು. ಕಣ್ಣು ಮೆಳ್ಳೆಯಾಗಿ, ಪ್ರಜ್ಞೆ ಮಂಕಾದ ಮೇಲೆ ನಗರದ ಆಸ್ಪತ್ರೆಗೆ ಒಯ್ದರು. ಬೆನ್ನಿನಿಂದ ತೆಗೆದ ದ್ರವದಲ್ಲಿ ರೋಗಾಣು ಕಾಣಲಿಲ್ಲ. ಕಲ್ಚರ್ ವರದಿಗಾಗಿ ಕಾದರು. ಕ್ಷಯವೆಂಬ ವರದಿ ಬಂದಾಗ ಮಗು ಬದುಕಿರಲಿಲ್ಲ.

ಆ ರೋಗಾಣುವನ್ನು ಜಗತ್ತಿಗೆ ತೋರಿಸಿದ ರಾಬರ್ಟ್ ಕಾಕ್ ಕೂಡ ನನ್ನಂತೆಯೇ ಗ್ರಾಮೀಣ ಸರ್ಕಾರಿ ನೌಕರರಾಗಿದ್ದವರು. 1843ರಲ್ಲಿ ಜರ್ಮನಿಯ ಕ್ಲಾಸ್ತಾಲ್‌ನಲ್ಲಿ ಜನಿಸಿದ ಅವರು 1872ರಲ್ಲಿ, ಇಂದು ಪೋಲೆಂಡಿನಲ್ಲಿರುವ ವೋಲ್‌ಸ್ಟೈನ್ ಎಂಬ ಸಣ್ಣ ಊರಿಗೆ ಜಿಲ್ಲಾ ವೈದ್ಯಾಧಿಕಾರಿಯಾಗಿ ಹೋದರು. ರೋಗಿಗಳನ್ನು ನೋಡುತ್ತಲೇ ಮನೆಯಲ್ಲಿ ಪ್ರಯೋಗ ನಡೆಸಿ, 1876ರಲ್ಲಿ ನೆರಡಿ ರೋಗದ ಅಣುಜೀವಿಯ ಜೀವನಚಕ್ರವನ್ನು ಬಿಡಿಸಿಟ್ಟರು. 1882ರ ಮಾರ್ಚ್ 24ರಂದು ಬರ್ಲಿನ್‌ನಲ್ಲಿ ಕ್ಷಯದ ರೋಗಾಣುವನ್ನು ಪ್ರಕಟಿಸಿದರು. 1884ರಲ್ಲಿ ಕಲ್ಕತ್ತೆಯಲ್ಲಿ ಕಾಲರಾ ಕುರಿತ ಸಂಶೋಧನೆ ನಡೆಸಿದರು.

ಆದರೆ 1890ರಲ್ಲಿ ಅವರು ಎಡವಿದರು. ಟ್ಯೂಬರ್ಕ್ಯುಲಿನ್ ಕ್ಷಯಕ್ಕೆ ಮದ್ದೆಂದು ಪುರಾವೆಗೆ ಮೊದಲೇ ಸಾರಿದರು. ಅದು ಗುಣಪಡಿಸಲಿಲ್ಲ, ಕೆಲವರಿಗೆ ಕೇಡನ್ನೂ ಮಾಡಿತು. ಅದು ಸೋಂಕು ಪತ್ತೆಯ ಚುಚ್ಚುಮದ್ದಾಗಿ ಮಾತ್ರ ಉಳಿಯಿತು. 1905ರಲ್ಲಿ ನೊಬೆಲ್ ಪ್ರಶಸ್ತಿ ಪಡೆದ ಕಾಕ್ 1910ರಲ್ಲಿ ನಿಧನರಾದರು.

ಮೃತರ ಮಿದುಳಿನಲ್ಲೂ ಕಾಕ್ ಈ ರೋಗಾಣುವನ್ನು ಕಂಡಿದ್ದರು. ಬದುಕಿರುವವರಲ್ಲಿ ಅದನ್ನು ಹಿಡಿಯುವುದು ಕಷ್ಟ. ಮಿದುಳಿನ ಸುತ್ತಲ ದ್ರವದಲ್ಲಿ ರೋಗಾಣುಗಳು ತೀರ ವಿರಳ. ಕಲ್ಚರ್‌ಗೆ ವಾರಗಳೇ ಬೇಕು. ಇಂದಿನ ಜೀನ್‌ಎಕ್ಸ್‌ಪರ್ಟ್ ಪರೀಕ್ಷೆ ಸುಮಾರು ಎರಡು ಗಂಟೆಗಳಲ್ಲಿ ಫಲಿತಾಂಶ ನೀಡಿದರೂ, ರೋಗಾಣು ಸಿಗಲಿಲ್ಲವೆಂದ ಮಾತ್ರಕ್ಕೆ ರೋಗವಿಲ್ಲವೆಂದಲ್ಲ. ಆದ್ದರಿಂದ ರೋಗಲಕ್ಷಣ, ದ್ರವದಲ್ಲಿ ಕುಗ್ಗಿದ ಸಕ್ಕರೆ ಮತ್ತು ಹೆಚ್ಚಿದ ಪ್ರೋಟೀನು, ಸ್ಕ್ಯಾನ್, ಮನೆಯಲ್ಲಿ ಕ್ಷಯರೋಗಿ ಇರುವರೇ ಎಂಬುದು ಇವನ್ನೆಲ್ಲ ತೂಗಿ, ಬಲವಾದ ಶಂಕೆಯಿದ್ದರೆ ವೈದ್ಯರು ವರದಿಗೆ ಕಾಯದೆ ಕ್ಷಯದ ಔಷಧಿಗಳನ್ನೂ ಸ್ಟೀರಾಯ್ಡನ್ನೂ ಆರಂಭಿಸುತ್ತಾರೆ.

ದಾಖಲೆಯಿಲ್ಲದೆ ಆದೇಶವಿಲ್ಲ ಎಂಬುದು ನನ್ನ ವೃತ್ತಿಯ ಪಾಠ. ಎರಡು ತಪ್ಪುಗಳ ಬೆಲೆ ಸಮನಲ್ಲ ಎಂಬುದು ನಾನು ಓದಿದ ಅರ್ಥಶಾಸ್ತ್ರದ ಪಾಠ. ಹೊಸ ಮದ್ದನ್ನು ಸಾರುವವರು ಪುರಾವೆಗೆ ಕಾಯಲೇಬೇಕು, ಕಾಕ್ ಕಾಯಲಿಲ್ಲ. ಪರೀಕ್ಷಿತ ಮದ್ದು ಕೈಯಲ್ಲಿದ್ದು, ಮಗು ಮಂಕಾಗುತ್ತಿರುವಾಗ ಕಾಯುವುದು ಬೇರೆಯೇ ಮಾತು. ಕಲಘಟಗಿಯಲ್ಲಾಗಲಿ, ಅಣ್ಣಿಗೇರಿಯಲ್ಲಾಗಲಿ, ವಾರ ಕಳೆದರೂ ಜ್ವರ, ತಲೆನೋವು, ವಾಂತಿ ಬಿಡದ ಮಗುವನ್ನು ಕಂಡಾಗ ಈ ರೋಗದ ಹೆಸರು ವೈದ್ಯರಿಗೂ ಹೆತ್ತವರಿಗೂ ನೆನಪಾಗಬೇಕು. ನಮ್ಮ ಜವಾನರ ಮನೆಯಲ್ಲಿ ಅದು ಯಾರಿಗೂ ನೆನಪಾಗಲಿಲ್ಲ, ನನಗೂ ಕೂಡ.