ಯೋಹಾನ್ ವಾಲೆಂಟಿನ್ ಆಂಡ್ರೆಯೆ

ಯೋಹಾನ್ ವಾಲೆಂಟಿನ್ ಆಂಡ್ರೆಯೆ (17 ಆಗಸ್ಟ್ 1586 – 27 ಜೂನ್ 1654) ಜರ್ಮನಿಯ ವ್ಯೂರ್ಟೆಂಬರ್ಗ್ ಸಂಸ್ಥಾನದ ಲೂಥರನ್ ಪಾದ್ರಿ, ಮತಪಂಡಿತ ಹಾಗೂ ಲೇಖಕರು. ಯುರೋಪಿನ ಗೂಢವಿದ್ಯಾ ಪರಂಪರೆಯಲ್ಲಿ ಹೆಸರಾದ ರೋಸಿಕ್ರೂಶಿಯನ್ ಪಂಥದ, ಅಂದರೆ ಗುಲಾಬಿ-ಶಿಲುಬೆ ಸೋದರಸಂಘದ, ಉಗಮದೊಡನೆ ಇವರ ಹೆಸರು ಬೆಸೆದುಕೊಂಡಿದೆ. ಆದರೆ ಇವರ ಜೀವಿತದ ಬಹುಭಾಗ ಕಳೆದದ್ದು ರಹಸ್ಯ ಸಂಘಗಳಲ್ಲಿ ಅಲ್ಲ; ಚರ್ಚು, ಶಾಲೆ ಮತ್ತು ಯುದ್ಧಪೀಡಿತ ಜನರ ಸೇವೆಯಲ್ಲಿ.

ಜನನ ಮತ್ತು ವಿದ್ಯಾಭ್ಯಾಸ

ಆಂಡ್ರೆಯೆ ಹೆರೆನ್‌ಬರ್ಗ್ ಪಟ್ಟಣದಲ್ಲಿ ಜನಿಸಿದರು. ಅಜ್ಜ ಯಾಕೋಬ್ ಆಂಡ್ರೆಯೆ ಟ್ಯೂಬಿಂಗೆನ್ ವಿಶ್ವವಿದ್ಯಾಲಯದ ಕುಲಪತಿಗಳು, ಲೂಥರನ್ ಮತದ ಪ್ರಮುಖ ವಿದ್ವಾಂಸರು. ಪಾದ್ರಿಯಾಗಿದ್ದ ತಂದೆಗೆ ರಸವಿದ್ಯೆಯಲ್ಲಿ ಆಸಕ್ತಿಯಿತ್ತು. 1601ರಲ್ಲಿ ತಂದೆ ತೀರಿಕೊಂಡ ಬಳಿಕ ತಾಯಿ ಮಾರಿಯಾ ಮಕ್ಕಳೊಂದಿಗೆ ಟ್ಯೂಬಿಂಗೆನ್‌ಗೆ ಬಂದು ನೆಲೆಸಿದರು. ಔಷಧ ತಯಾರಿಕೆಯಲ್ಲಿ ನುರಿತಿದ್ದ ಆಕೆ ಮುಂದೆ ಸ್ಟುಟ್‌ಗಾರ್ಟ್ ಅರಮನೆಯ ಔಷಧಾಲಯದಲ್ಲಿ ಸೇವೆ ಸಲ್ಲಿಸಿದರು.

ಆಂಡ್ರೆಯೆ 1605ರಲ್ಲಿ ಸ್ನಾತಕೋತ್ತರ ಪದವಿ ಪಡೆದರು. ಕೆಪ್ಲರನ ಗುರು ಮಿಖಾಯೆಲ್ ಮೇಸ್ಟ್ಲಿನ್ ಅವರಿಂದ ಗಣಿತವನ್ನು ಕಲಿತರು. 1607ರಲ್ಲಿ ಲೇವಡಿ ಬರಹವೊಂದರ ಪ್ರಕರಣದಲ್ಲಿ ಸಿಲುಕಿದ್ದರಿಂದ ಮತಶಾಸ್ತ್ರದ ವ್ಯಾಸಂಗ ಅರ್ಧಕ್ಕೇ ನಿಂತಿತು. ಅನಂತರ ಮನೆಪಾಠ ಹೇಳುತ್ತ ಹಲವು ನಾಡುಗಳನ್ನು ಸುತ್ತಿದರು. 1611ರಲ್ಲಿ ಜಿನೀವಾ ನಗರದಲ್ಲಿ ಕಂಡ ಶಿಸ್ತುಬದ್ಧ ಸಮಾಜಜೀವನವು ಅವರ ಮೇಲೆ ಅಳಿಯದ ಪ್ರಭಾವ ಬೀರಿತು. 1614ರಲ್ಲಿ ಫೈಹಿಂಗೆನ್ ಪಟ್ಟಣದ ಉಪಪಾದ್ರಿಯಾಗಿ ನೇಮಕಗೊಂಡು, ಅದೇ ವರ್ಷ ವಿವಾಹವಾದರು.

ರೋಸಿಕ್ರೂಶಿಯನ್ ಬರಹಗಳು

1614ರಲ್ಲಿ ಕಾಸೆಲ್ ನಗರದಲ್ಲಿ 'ಫಾಮಾ ಫ್ರಾಟರ್ನಿಟಾಟಿಸ್' ಎಂಬ ಅನಾಮಧೇಯ ಕಿರುಹೊತ್ತಿಗೆ ಅಚ್ಚಾಯಿತು. ಪೂರ್ವದೇಶಗಳಲ್ಲಿ ಜ್ಞಾನವನ್ನು ಅರಸಿ ಬಂದ ಮಹಾಪುರುಷನೊಬ್ಬನು ಗುಪ್ತ ಸೋದರಸಂಘವೊಂದನ್ನು ಕಟ್ಟಿದನೆಂದೂ, 120 ವರ್ಷಗಳ ತರುವಾಯ ಅವನ ಸಮಾಧಿ ತೆರೆಯಿತೆಂದೂ ಅದು ಸಾರಿತು. ಸಂಘದ ಸದಸ್ಯರು ರೋಗಿಗಳಿಗೆ ಉಚಿತವಾಗಿ ಚಿಕಿತ್ಸೆ ನೀಡಬೇಕೆಂಬುದು ಅದರ ನಿಯಮಗಳಲ್ಲೊಂದು. 1615ರಲ್ಲಿ 'ಕನ್ಫೆಸಿಯೋ' ಎಂಬ ಎರಡನೆಯ ಹೊತ್ತಿಗೆ ಹೊರಬಂದಿತು. 1616ರಲ್ಲಿ ಸ್ಟ್ರಾಸ್‌ಬರ್ಗ್‌ನಲ್ಲಿ 'ಕ್ರಿಸ್ಟಿಯಾನ್ ರೋಸೆನ್‌ಕ್ರಾಯ್ಟ್ಸನ ರಸವಿವಾಹ' ಪ್ರಕಟವಾಯಿತು. ವೃದ್ಧನೊಬ್ಬನು ರಾಜವಿವಾಹಕ್ಕೆ ಆಹ್ವಾನಿತನಾಗಿ ಏಳು ದಿನಗಳಲ್ಲಿ ಕಂಡ ಅದ್ಭುತಗಳನ್ನು ಹೇಳುವ ಈ ಕಥೆಯಲ್ಲಿ ಅತಿಥಿಗಳ ಯೋಗ್ಯತೆಯನ್ನು ತಕ್ಕಡಿಯಲ್ಲಿ ತೂಗುವ ಪ್ರಸಂಗ ಪ್ರಸಿದ್ಧವಾಗಿದೆ. ರಸವಾದಿಗಳೆಂದು ಬೀಗುವ ವಂಚಕರನ್ನು ಕೃತಿಯು ಹಾಸ್ಯಕ್ಕೆ ಗುರಿಮಾಡುತ್ತದೆ.

ಈ ಹೊತ್ತಿಗೆಗಳು ಯುರೋಪಿನಾದ್ಯಂತ ಕೋಲಾಹಲವೆಬ್ಬಿಸಿದವು. ನೂರಾರು ಬರಹಗಳು ಪರವಾಗಿಯೂ ವಿರೋಧವಾಗಿಯೂ ಅಚ್ಚಾದವು. ಇಂಗ್ಲೆಂಡಿನ ರಾಬರ್ಟ್ ಫ್ಲಡ್, ಜರ್ಮನಿಯ ಮಿಖಾಯೆಲ್ ಮೈಯರ್ ಸಂಘವನ್ನು ಸಮರ್ಥಿಸಿದರು. ಸಂಘವನ್ನು ಸೇರಬಯಸಿ ಅನೇಕರು ಬಹಿರಂಗ ಪತ್ರಗಳನ್ನು ಬರೆದರೂ ಅವರಿಗೆ ಉತ್ತರ ಬರಲಿಲ್ಲ. ಅಂತಹ ಸಂಘವು ಆಗ ನಿಜವಾಗಿ ಇತ್ತೆಂಬುದಕ್ಕೆ ಆಧಾರ ದೊರೆತಿಲ್ಲ.

ಕರ್ತೃತ್ವದ ಪ್ರಶ್ನೆ

'ರಸವಿವಾಹ' ತಮ್ಮ ತಾರುಣ್ಯದ ಕೃತಿಯೆಂದು ಆಂಡ್ರೆಯೆ ಲ್ಯಾಟಿನ್ ಭಾಷೆಯ ಆತ್ಮಕಥೆಯಲ್ಲಿ ಒಪ್ಪಿಕೊಂಡರು. ಆದರೆ ಅದನ್ನು ವಿನೋದವೆಂದು ಬದಿಗೆ ಸರಿಸಿದರು. ಮೊದಲ ಎರಡು ಹೊತ್ತಿಗೆಗಳನ್ನು ತಮ್ಮದೆಂದು ಹೇಳಲಿಲ್ಲ. ಅವು ಟ್ಯೂಬಿಂಗೆನ್‌ನಲ್ಲಿ ಟೋಬಿಯಾಸ್ ಹೆಸ್, ಕ್ರಿಸ್ಟೋಫ್ ಬೆಸೋಲ್ಡ್ ಮತ್ತು ಆಂಡ್ರೆಯೆ ಇದ್ದ ಗೆಳೆಯರ ಬಳಗದಲ್ಲಿ ಹುಟ್ಟಿದವೆಂದು ಹಲವು ವಿದ್ವಾಂಸರ ಅಭಿಪ್ರಾಯ. ಆಂಡ್ರೆಯೆ ಮನೆತನದ ಲಾಂಛನದಲ್ಲಿ ಶಿಲುಬೆ ಹಾಗೂ ನಾಲ್ಕು ಗುಲಾಬಿಗಳಿರುವುದನ್ನೂ ಗಮನಿಸಲಾಗಿದೆ. ಆದರೆ ಲೂಥರರ ಮುದ್ರೆಯಲ್ಲಿಯೂ ಗುಲಾಬಿ ಮತ್ತು ಶಿಲುಬೆ ಇದ್ದವು.

ಕ್ರಿಸ್ಟಿಯಾನೋಪೊಲಿಸ್

ಕಾಣದ ಸಂಘದ ಹಿಂದೆ ಜನ ಓಡುವುದನ್ನು ಕಂಡು ಬೇಸರಗೊಂಡ ಆಂಡ್ರೆಯೆ, ಅದನ್ನು ಟೀಕಿಸುವ ಕೃತಿಗಳನ್ನು ಬರೆದರು. 1619ರ 'ಕ್ರಿಸ್ಟಿಯಾನೋಪೊಲಿಸ್' ಕೃತಿಯಲ್ಲಿ ದ್ವೀಪವೊಂದರ ಆದರ್ಶ ನಗರವನ್ನು ಚಿತ್ರಿಸಿದರು. ಸುಮಾರು 400 ನಿವಾಸಿಗಳ ಆ ಊರಿನಲ್ಲಿ ಶ್ರಮಕ್ಕೆ ಗೌರವವಿದೆ, ಪ್ರಯೋಗಶಾಲೆಗಳಿವೆ, ಬಾಲಕ ಬಾಲಕಿಯರಿಬ್ಬರಿಗೂ ಶಿಕ್ಷಣವಿದೆ. ಶಿಕ್ಷಣತಜ್ಞ ಕೊಮೆನಿಯಸ್ ಆಂಡ್ರೆಯೆ ಅವರ ಬರಹಗಳಿಂದ ಪ್ರಭಾವಿತರಾಗಿ ಅವರೊಂದಿಗೆ ಪತ್ರವ್ಯವಹಾರ ನಡೆಸಿದರು.

ಕಾಲ್ವ್ ಪಟ್ಟಣದಲ್ಲಿ ಸೇವೆ

1620ರಲ್ಲಿ ಬಟ್ಟೆ ನೇಯ್ಗೆ ಮತ್ತು ಬಣ್ಣಗಾರಿಕೆಗೆ ಹೆಸರಾದ ಕಾಲ್ವ್ ಪಟ್ಟಣದ ಧರ್ಮಾಧ್ಯಕ್ಷರಾದರು. ಮರುವರ್ಷ ಅಲ್ಲಿನ ಬಣ್ಣಗಾರರು ಮತ್ತು ವರ್ತಕರ ನೆರವಿನಿಂದ ಬಡವರಿಗೂ ವಿದ್ಯಾರ್ಥಿಗಳಿಗೂ ಸಹಾಯ ನೀಡುವ ದತ್ತಿಸಂಸ್ಥೆಯನ್ನು ಸ್ಥಾಪಿಸಿದರು. ಮೂವತ್ತು ವರ್ಷಗಳ ಯುದ್ಧದಲ್ಲಿ, 1634ರ ನ್ಯೋರ್ಡ್ಲಿಂಗೆನ್ ಕದನದ ನಂತರ ಸಾಮ್ರಾಜ್ಯಪಕ್ಷದ ಸೇನೆ ಕಾಲ್ವ್ ಪಟ್ಟಣವನ್ನು ಸುಟ್ಟಿತು. ಆಂಡ್ರೆಯೆ ತಮ್ಮ ಮನೆ, ಗ್ರಂಥಭಂಡಾರ, ಹಸ್ತಪ್ರತಿಗಳು ಮತ್ತು ಬೆಲೆಬಾಳುವ ಚಿತ್ರಗಳನ್ನು ಕಳೆದುಕೊಂಡರು. ಆದರೂ ಹಸಿವು ಮತ್ತು ಸಾಂಕ್ರಾಮಿಕ ರೋಗದಿಂದ ನರಳುತ್ತಿದ್ದ ಜನರ ಪರಿಹಾರಕಾರ್ಯದಲ್ಲಿ ತೊಡಗಿದರು.

ಕೊನೆಯ ವರ್ಷಗಳು

1639ರಲ್ಲಿ ಡ್ಯೂಕ್ ಮೂರನೆಯ ಎಬರ್‌ಹಾರ್ಡ್ ಇವರನ್ನು ಸ್ಟುಟ್‌ಗಾರ್ಟ್‌ಗೆ ಆಸ್ಥಾನ ಪ್ರವಚನಕಾರರನ್ನಾಗಿ ಕರೆಸಿಕೊಂಡರು. ಕುಸಿದಿದ್ದ ಚರ್ಚಿನ ಆಡಳಿತವನ್ನೂ ಟ್ಯೂಬಿಂಗೆನ್ನಿನ ಮತಶಾಸ್ತ್ರ ವಿದ್ಯಾರ್ಥಿನಿಲಯವನ್ನೂ ಆಂಡ್ರೆಯೆ ಮತ್ತೆ ಕಟ್ಟಿದರು. 1649ರಲ್ಲಿ ಸಂಸ್ಥಾನದಲ್ಲಿ ಕಡ್ಡಾಯ ಶಿಕ್ಷಣ ಜಾರಿಗೆ ಬಂದುದರಲ್ಲಿ ಇವರ ಪಾತ್ರವಿದೆ. 1650ರಲ್ಲಿ ಬೆಬೆನ್‌ಹೌಸೆನ್ ಮಠದ ಮುಖ್ಯಸ್ಥರಾದರು. 1654ರಲ್ಲಿ ಸ್ಟುಟ್‌ಗಾರ್ಟ್‌ನಲ್ಲಿ ನಿಧನರಾದರು.

ಮುಂದಿನ ಶತಮಾನಗಳಲ್ಲಿ ಗುಲಾಬಿ-ಶಿಲುಬೆಯ ಹೆಸರಿನಲ್ಲಿ ಅನೇಕ ಸಂಘಗಳು ಹುಟ್ಟಿಕೊಂಡು ಆಂಡ್ರೆಯೆ ಅವರ ಕಥೆಯನ್ನು ತಮ್ಮ ಮೂಲಗ್ರಂಥಗಳಲ್ಲಿ ಸೇರಿಸಿಕೊಂಡವು. ಅವರು ಕಾಲ್ವ್‌ನಲ್ಲಿ ಸ್ಥಾಪಿಸಿದ ದತ್ತಿಸಂಸ್ಥೆಯೂ ಅವರ ನಂತರ ದೀರ್ಘಕಾಲ ಉಳಿದು ಬಂದಿತು.