ಸಾಲ ತಂದು ಸಣ್ಣ ಪಣ ಆಡಿದರೆ ಅಪಾಯವಿಲ್ಲವೇ? ದಾಸ್ತೋವ್‌ಸ್ಕಿಗೆ ಆಗಿದ್ದು ಇದು
ತಲೆ ತಣ್ಣಗಿಟ್ಟು ಆಡಿದರೆ ಗೆಲುವು ಖಚಿತ ಎಂದು ರಷ್ಯಾದ ಕಾದಂಬರಿಕಾರ ದಾಸ್ತೋವ್‌ಸ್ಕಿ (1821–1881) ನಂಬಿದ್ದರು. 1863ರಲ್ಲಿ ರೂಲೆಟ್‌ನಲ್ಲಿ ಗೆದ್ದೂ ಬಿಟ್ಟರು! ಎಡವಟ್ಟಾಗಿದ್ದು ಅಲ್ಲೇ.

1865ರಲ್ಲಿ ಜರ್ಮನಿಯ ವೀಸ್‌ಬಾಡೆನ್‌ನಲ್ಲಿ ಐದೇ ದಿನದಲ್ಲಿ ಕೈ ಬರಿದಾಯಿತು. ಲೇಖಕ ತುರ್ಗೇನೆವ್ ಬಳಿ 100 ಥೇಲರ್ ಸಾಲ ಕೇಳಿದರು, 50 ಸಿಕ್ಕಿತು. ಹೋಟೆಲಿನವರು ಊಟವನ್ನೇ ನಿಲ್ಲಿಸಿದರು. ಆ 50 ತೀರಲು ಸುಮಾರು ಹತ್ತು ವರ್ಷ ಹಿಡಿಯಿತು.

ಸಂಕೇಶ್ವರದಲ್ಲಿ ಕೈಸಾಲ ತಂದು ಹತ್ತು ರೂಪಾಯಿ ಪಣದ ಪೋಕರ್ ಆಡಿದರೂ ಲೆಕ್ಕ ಅದೇ ಎನ್ನುತ್ತೇವೆ ನಾವು. ಪೋಕರ್‌ನಲ್ಲಿ ಚಾತುರ್ಯಕ್ಕೆ ಜಾಗವಿದೆ, ನಿಜ. ಆದರೆ ರೂಲೆಟ್‌ನ ಸೊನ್ನೆಯಂತೆ ಇಲ್ಲಿ ಆಡಿಸುವವರ ಕಮಿಷನ್ ಇದೆ. ಅದರ ಮೇಲೆ ಸಾಲದ ಬಡ್ಡಿ. ಇವೆರಡನ್ನೂ ಮೀರಿ ಗೆಲ್ಲಬೇಕು.

ದಾಸ್ತೋವ್‌ಸ್ಕಿ ಮದುವೆಯಾದ ಮೇಲೂ ಹೆಂಡತಿ ಆನ್ನಾರ ಒಡವೆ ಅಡವಿಟ್ಟರು. ಜೂಜು ಬಿಟ್ಟಿದ್ದು 1871ರಲ್ಲಿ.